ನಮ್ಮೂರಾಗ ನೋಡ್ಲಿಕ್ಕೆ ಏನದ ಅಂತ ಸೊಸಿ ಕೇಳಿದ್ಲು

ನಮ್ಮ ಸೊಸಿ ಮೈಸೂರು ಕಡೆಯಾಕಿ. ಮದುವಿ ಆಗಿ ಒಂದೂವರೆ ವರ್ಷದ ಮ್ಯಾಲ, ಹೋದ ಡಿಸೆಂಬರ್ ತಿಂಗಳದಾಗ, ಮೊದಲನೇ ಸಲ ಐದು ದಿನ ಇರೋ ಹಂಗ ಗದಗಿಗೆ ಬಂದಿದ್ಲು. ಅದಕ್ಕಿಂತಾ ಮೊದಲು ಬಂದಿದ್ದೆಲ್ಲಾ ಇವತ್ತು ಬಂದು ನಾಳೆ ಹೋಗೋ ಲೆಕ್ಕ. ಅಷ್ಟರಾಗ ಆಕಿಗೆ ನನ್ನ ಮುಖ ಸರಿಯಾಗಿ ನೋಡ್ಲಿಕ್ಕೆ ಆಗಿದ್ದಿಲ್ಲ, ನನಗ ಆಕಿ ಮುಖ ನೋಡ್ಲಿಕ್ಕೆ ಮನಸ್ಸು ಆಗಿದ್ದಿಲ್ಲ. ಇದ್ದದ್ದು ಇದ್ದಂಗ ಹೇಳಬೇಕಲ್ರೀ.

ಬಂದ ಮರುದಿನ ಮಧ್ಯಾಹ್ನ ಊಟಕ್ಕ ಕೂತಾಗ ಆಕಿ ಮೆತ್ತಗ ಕೇಳಿದ್ಲು, "ಅತ್ತೆ, ಇಲ್ಲಿ ನೋಡೋಕೆ ಏನೇನಿದೆ?"

ನಾ ರೊಟ್ಟಿ ನೀಡಕೋತ ಅಂದೆ, "ಏನದನವಾ ಇಲ್ಲಿ? ಧೂಳು, ಬಿಸಲು, ಒಂದು ಬಜಾರ. ನಿಮ್ಮ ಮೈಸೂರಿನಂಗ ಅರಮನಿ ಅದನೋ, ಬೃಂದಾವನ ಅದನೋ?"

ನನ್ನ ಮನಸ್ಸಿನಾಗ ಕೆಟ್ಟದ್ದೇನೂ ಇದ್ದಿಲ್ಲ. ಆದ್ರ ಆಕಿ ಮುಖ ಸಣ್ಣದಾತು. ತಲಿ ತಗ್ಗಿಸಿ ಎಣಗಾಯಿ ಹಚ್ಚಿಕೊಂಡು ರೊಟ್ಟಿ ತಿನ್ನಲಿಕ್ಕೆ ಹತ್ತಿದ್ಲು. ಆ ಖಾರಕ್ಕ ಕಣ್ಣಾಗ ನೀರು ಬಂದಿತ್ತೋ, ನನ್ನ ಮಾತಿಗೆ ಬಂದಿತ್ತೋ ನನಗ ಗೊತ್ತಾಗಲಿಲ್ಲ. ಕೈ ತೊಳಕೊಳ್ಳಕೋತ ನಿಂತಿದ್ದ ನಮ್ಮನಿಯವರು ಅಲ್ಲಿಂದನ ಅಂದ್ರು, "ಮೂವತ್ತೊಂದು ವರ್ಷ ಆತು ನೀ ಈ ಊರಿಗೆ ಬಂದು. ಏನೂ ಇಲ್ಲಂತಿ. ಇರಲಿ, ನೀ ನೋಡಿದ್ದರ ಏನು ಹೇಳು?"

ಪಾತ್ರಿ ತಿಕ್ಕಕೋತ ಲೆಕ್ಕಾ ಹಾಕಿದೆ. ವೀರನಾರಾಯಣನ ಗುಡಿಗೆ ಶನಿವಾರಕ್ಕೊಮ್ಮೆ ಹೊಕ್ಕೇನಿ, ಐದು ಸುತ್ತು ಹಾಕಿ ಬರ್ತೇನಿ. ತ್ರಿಕೂಟೇಶ್ವರಕ್ಕ ಎರಡು ಸಲ ಹೋಗಿರಬೇಕು, ಅದೂ ಯಾರೋ ಬೀಗರು ಬಂದಾಗ. ತೋಂಟದಾರ್ಯ ಮಠದ ಜಾತ್ರಿಗೆ ಹೋಗಿ ಬಳಿ ಇಟಗೊಂಡು ಬಂದೇನಿ. ಲಕ್ಕುಂಡಿಗೆ ಒಂದು ಸಲ ಹೋಗಿದ್ದೆ. ಮದುವಿ ಊಟಾ ಮಾಡಿ, ಎಲಿ ಅಡಿಕಿ ಹಾಕ್ಕೊಂಡು, ಅದ ಟೆಂಪೋದಾಗ ಹೊಳ್ಳಿ ಬಂದೆ. ಗುಡಿ ಯಾವ ದಿಕ್ಕಿಗದ ಅಂತನೂ ಕೇಳಲಿಲ್ಲ. ಉಳಿದ ಗದಗ ಅಂದ್ರ ನನಗ ಗಿರಣಿ, ಕಾಯಿಪಲ್ಲೆ ಬಜಾರ, ದವಾಖಾನಿ, ಬಸ್ ಸ್ಟ್ಯಾಂಡು. ಇಷ್ಟ.

ಇದರ ಹಿಂದಿನ ಕತಿ ಒಂದದ, ಅದನ್ನೂ ಹೇಳಿಬಿಡತೇನಿ. ನಮ್ಮ ಅಣ್ಣನ ಮಗಳನ್ನ ಸೊಸಿ ಮಾಡಿಕೋಬೇಕು ಅಂತ ನನ್ನ ಮನಸ್ಸಿನಾಗ ಭಾಳ ದಿನದಿಂದ ಇತ್ತು. ಮಗ ಬೆಂಗಳೂರಾಗ ತನ್ನ ಕೂಡ ಕೆಲಸಾ ಮಾಡೋ ಹುಡುಗಿನ್ನ ಮೆಚ್ಚಿದ. ಅವ ಫೋನ್ ಮಾಡಿ ಹೇಳಿದಾಗ ನಾ ಸಿಟ್ಟಿನ್ಯಾಗ ಅಂದಿದ್ದೆ, "ಆ ಕಡಿ ಹುಡುಗ್ಯಾರು ನಮ್ಮ ಮನಿಗೆ ಹೊಂದೂದಿಲ್ಲ. ಎರಡು ದಿನ ರೊಟ್ಟಿ ಕಂಡ್ರ ಮೂಗ ಮುರೀತಾರ. ನಮ್ಮ ಮಾತೂ ತಿಳಿಯೂದಿಲ್ಲ, ನಮ್ಮ ಮನಸ್ಸೂ ತಿಳಿಯೂದಿಲ್ಲ." ಅವ ಏನೂ ಅನ್ನಲಿಲ್ಲ, ಫೋನ್ ಇಟ್ಟ. ಮುಂದ ಮದುವಿ ಆತು, ಮೈಸೂರಾಗ, ಚಂದಾಗೇ ಆತು. ನಾ ಮಾತ್ರ ಅಕ್ಷತಾ ಹಾಕೋ ತನಕಾ ಬಿಗದುಕೊಂಡ ಇದ್ದೆ. ಆಮ್ಯಾಲ ಆಕಿ ಕೂಡ ಊಟಾ ಆತೇನು, ಆರಾಮ ಇದ್ದೀಯೇನು, ಇಷ್ಟ ಮಾತು.

ಆವತ್ತು ಸಂಜಿಮುಂದ ಮಗ ಮ್ಯಾಲಿನ ಖೋಲಿಯಾಗ ಲ್ಯಾಪ್‌ಟಾಪ್ ಹಿಡಕೊಂಡು ಕೂತಿದ್ದ. ನಾ ಸೀರಿ ಬದಲಿಸಿ ಬಂದು ಸೊಸಿಗೆ ಅಂದೆ, "ನಡಿ, ಗುಡಿಗರ ಹೋಗಿ ಬರೂಣು."

ವೀರನಾರಾಯಣನ ಗುಡಿ ನಮ್ಮನಿಯಿಂದ ನಡಕೋತ ಹೋಗೋವಷ್ಟ ದೂರ. ಗೋಪುರದ ಬಾಗಲಾ ದಾಟಿ ಒಳಗ ಕಾಲಿಟ್ಟ ಕೂಡಲೇ ಬಜಾರದ ಗದ್ದಲಾ ಹೊರಗ ಉಳೀತದ. ನಾ ಯಾವಾಗಿನಂಗ ಸುತ್ತು ಹಾಕಲಿಕ್ಕೆ ಹೊಂಟೆ. ಆಕಿ ನಿಂತ್ಲು. "ಅತ್ತೆ, ಗದುಗಿನ ವೀರನಾರಾಯಣ ಅಂದ್ರೆ ಇದೇನಾ? ಕುಮಾರವ್ಯಾಸ ಕೂತು ಬರೆದ ಕಂಬ ಎಲ್ಲಿ?"

ನನಗ ಆಶ್ಚರ್ಯ ಆತು. ಆಕಿಗೆ ಸಾಲ್ಯಾಗ ಗದುಗಿನ ಭಾರತದ ಪಾಠ ಇತ್ತಂತ. ನನಗೂ ಪಿಯುಸಿಯೊಳಗ ಇತ್ತು. ನಾನು ಅರ್ಥ ಬಾಯಿಪಾಠ ಮಾಡಿ ಪರೀಕ್ಷಾ ಬರದು ಮರತುಬಿಟ್ಟೆ, ಆಕಿ ಊರಿನ ಹೆಸರು ನೆನಪಿಟ್ಟಿದ್ಲು. ಕುಮಾರವ್ಯಾಸನ ಕಂಬ ಅಂತ ಒಳಗ ಮಂಟಪದಾಗ ತೋರಸ್ತಾರ. ಮುಂಜಾನಿ ಸ್ನಾನಾ ಮಾಡಿ, ಹಸಿ ಬಟ್ಟಿ ಉಟಗೊಂಡು ಬಂದು, ಅದು ಆರೋ ತನಕಾ ಮಾತ್ರ ಅಲ್ಲಿ ಕೂತು ಪದ್ಯ ಹೇಳತಿದ್ದ ಅಂತ ನಮ್ಮ ಹಿರ್ಯಾರು ಹೇಳೋ ಮಾತು. ಅವನ ಖರೇ ಹೆಸರು ನಾರಣಪ್ಪ, ಕೋಳಿವಾಡದಾವ. ಆ ಕಂಬಕ್ಕ ನಾ ಎಷ್ಟೋ ಶನಿವಾರ ಬೆನ್ನು ಹಚ್ಚಿ ಕೂತು ಕಾಲು ನೀವಿಕೊಂಡೇನಿ. ಅವತ್ತು ಹಂಗ ಕೂಡ್ಲಿಕ್ಕೆ ನಾಚಿಕಿ ಆತು.

ಇನ್ನೊಂದು ಮಾತೂ ಆಕಿನ ಹೇಳಿದ್ಲು. ಹೊಯ್ಸಳರ ವಿಷ್ಣುವರ್ಧನ ಕಟ್ಟಿಸಿದ ಐದು ನಾರಾಯಣ ಅಂತ ಹೇಳ್ತಾರಲ್ಲ, ಅದರಾಗ ತಲಕಾಡಿನ ಕೀರ್ತಿನಾರಾಯಣ, ಮೇಲುಕೋಟೆ ಚೆಲುವನಾರಾಯಣ, ತೊಣ್ಣೂರಿನ ನಂಬಿನಾರಾಯಣ, ಮೂರೂ ಆಕಿ ಕಡೀಯವು. ಬೇಲೂರಿಗೂ ಹೋಗಿ ಬಂದಾಳ. "ಅಜ್ಜಿ ಐದೂ ನೋಡ್ಬೇಕು ಅಂತಿದ್ರು, ಗದಗ ದೂರ ಅಂತ ಇದೊಂದು ಉಳಿದ್ಹೋಯ್ತು" ಅಂದ್ಲು. ಹಂಗಂದು ಒಳಗ ಹೋಗಿ, ವೀರಗಚ್ಚಿ ಹಾಕಿ ನಿಂತ ದೇವರನ್ನ ಎಷ್ಟೋ ಹೊತ್ತು ನೋಡಿದ್ಲು. ಅಜ್ಜಿ ತೀರಿಕೊಂಡು ನಾಕು ವರ್ಷ ಆಗೇದಂತ. ನಮ್ಮ ಮನಿಗೆ ಸೊಸಿಯಾಗಿ ಬಂದಾಕಿಗೆ ಒಬ್ಬಾಕಿ ಅಜ್ಜಿ ಇದ್ಲು ಅನ್ನೋದೂ ನನಗ ಗೊತ್ತಿದ್ದಿಲ್ಲ.

ಅಲ್ಲಿಂದ ತ್ರಿಕೂಟೇಶ್ವರಕ್ಕ ಹೋದ್ವಿ. ಒಂದ ಪೀಠದ ಮ್ಯಾಲ ಮೂರು ಲಿಂಗ ಅವ, ಬ್ರಹ್ಮ ವಿಷ್ಣು ಮಹೇಶ್ವರ ಅಂತ. ಅದಕ್ಕ ತ್ರಿಕೂಟ. ಆದ್ರ ಅಲ್ಲಿ ನೋಡಬೇಕಾದದ್ದು ಅದರ ಕೂಡ ಇರೋ ಸರಸ್ವತಿ ಗುಡಿ ಕಂಬ. ಒಂದಕ್ಕೊಂದು ಬ್ಯಾರೆ, ಕಲ್ಲಿನ್ಯಾಗ ಕಸೂತಿ ಹಾಕಿದಂಗ. ನಮ್ಮ ಕಡೆ ಹೆಣ್ಮಕ್ಕಳು ಇಳಕಲ್ ಸೀರಿಗೆ ಗೋಪುರ, ತೇರು ಅಂತ ಕಸೂತಿ ಹಾಕ್ತಾರಲ್ಲ, ಆ ಕೈಗೆ ಈ ಕಂಬನ ಗುರು ಇರಬೇಕು ಅನಿಸ್ತು. ಕತ್ತಲಾಗೋ ತನಕಾ ಇದ್ವಿ. ಮನಿಗೆ ಬಂದಾಗ ಅಡಿಗಿಗೆ ಹೊತ್ತಾಗಿತ್ತು. ನಮ್ಮನಿಯವರು ಒಂದೂ ಮಾತಾಡದ ಗಡಿಯಾರ ನೋಡಿದ್ರು. ನಾನೂ ನೋಡಲಿಲ್ಲದಂಗ ಇದ್ದೆ.

ಮರುದಿನ ವೀರೇಶ್ವರ ಪುಣ್ಯಾಶ್ರಮಕ್ಕ ಕರಕೊಂಡು ಹೋದೆ. ಗದಗಿಗೆ ಬಂದವರು ಗುಡಿ ಬಿಟ್ಟರೂ ಇದನ್ನ ಬಿಡಬಾರದು. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಹುಡುಗರಿಗೆ ಸಂಗೀತ ಕಲಿಸಿದ ಜಾಗಾ ಇದು. ಅವರ ಶಿಷ್ಯರು ಪುಟ್ಟರಾಜ ಗವಾಯಿಗಳು. ಅವರಿಗೂ ಕಣ್ಣು ಕಾಣತಿದ್ದಿಲ್ಲ. ಭಕ್ತರು ಅವರಿಗೆ ತುಲಾಭಾರ ಮಾಡಿದ ರೊಕ್ಕ ಎಲ್ಲಾ ಆ ಮಕ್ಕಳ ಅನ್ನಕ್ಕ, ವಿದ್ಯಾಕ್ಕ ಹೋತು. 2010ರೊಳಗ ಅವರಿಗೆ ಪದ್ಮಭೂಷಣ ಬಂತು, ಅದ ವರ್ಷ ಸೆಪ್ಟೆಂಬರದಾಗ ಅವರು ಹೋದ್ರು. ಆವತ್ತು ಗದಗಿನ ರಸ್ತೆದಾಗ ಕಾಲಿಡಲಿಕ್ಕೆ ಜಾಗಾ ಇದ್ದಿಲ್ಲ, ಅದನ್ನ ನಾ ಕಣ್ಣಿಲೆ ಕಂಡೇನಿ.

ನಾವು ಹೋದಾಗ ಒಂದು ಖೋಲಿಯಾಗ ತಬಲಾ, ಇನ್ನೊಂದರಾಗ ಹಾರ್ಮೋನಿಯಂ ನಡದಿತ್ತು. ಹತ್ತು ಹನ್ನೆರಡು ವರ್ಷದ ಹುಡುಗ ಒಬ್ಬ ಒಂದ ಸರಗಮ್ಮ ತಿರುಗಾಮುರುಗಾ ಹೇಳಾಕತ್ತಿದ್ದ. ಒಂದು ಕಡೆ ತಪ್ಪತಿತ್ತು, ಮತ್ತ ಮೊದಲಿಂದ. ನಾವಿಬ್ರೂ ಕಟ್ಟಿ ಮ್ಯಾಲ ಕೂತು ಕೇಳಿದ್ವಿ. ಏಳನೇ ಸಲಕ್ಕೋ ಎಂಟನೇ ಸಲಕ್ಕೋ ಸರಿ ಬಂತು. ಸೊಸಿ ನನ್ನ ಕೈ ಒತ್ತಿದ್ಲು. ಸಣ್ಣಾಕಿದ್ದಾಗ ಆಕಿನೂ ಐದು ವರ್ಷ ಸಂಗೀತ ಕಲತಿದ್ಲಂತ, ಹತ್ತನೇತ್ತೆಕ್ಕ ಬಂದ ಮ್ಯಾಲ ಬಿಡಿಸಿದ್ರಂತ. ಮದುವ್ಯಾಗ ಆಕಿ ತಾಯಿ ಇದನ್ನ ಹೇಳಿದ್ರು ಅನಸ್ತದ, ನಾ ಕಿವಿಗೆ ಹಾಕ್ಕೊಂಡಿರಲಿಲ್ಲ.

ಬರೋ ಮುಂದ ಗಾಡ್ಯಾಗ ಮಿರ್ಚಿ ತಿಂದ್ವಿ. ಗದಗಿನ ಮಿರ್ಚಿ ಭಜಿ, ಬದನಿಕಾಯಿ ಭಜಿ, ಗಿರಮಿಟ್ಟು, ಇದರ ಬಗ್ಗೆ ನಾ ಹೇಳೋದು ಬ್ಯಾಡ, ತಿಂದವರಿಗೇ ಗೊತ್ತು. ಗಾಡಿಯಾವ ಚುರುಮರಿ ಕಲಸೋದು ನೋಡಿ ಆಕಿ, "ನಾವು ಇದಕ್ಕೆ ಕಡ್ಲೆಪುರಿ ಅಂತೀವಿ" ಅಂದ್ಲು. "ಉಳ್ಳಾಗಡ್ಡಿ ಹಾಕಲೇನ್ರೀ ಅಕ್ಕಾರ?" ಅಂತ ಅವ ಕೇಳಿದಾಗ ನನ್ನ ಮುಖ ನೋಡಿದ್ಲು. ಈರುಳ್ಳಿ ಅಂತ ಹೇಳಿದೆ. ಆವಾಗ ನಗಕೋತ ಅಂದ್ಲು, "ಅತ್ತೆ, ಒಂದು ಹೇಳ್ಲಾ? ನೀವು 'ಕುಂದರು', 'ತಿನ್ನು', 'ಸುಮ್ನಿರು' ಅಂತೀರಲ್ಲ, ಮೊದಮೊದಲು ನಂಗೆ ಬೈತಿದೀರ ಅಂತಾನೇ ಅನ್ನಿಸ್ತಿತ್ತು. ಇವತ್ತು ನೋಡಿದ್ರೆ ಇಲ್ಲಿ ಎಲ್ರೂ ಹಂಗೇ ಮಾತಾಡ್ತಾರೆ."

ನಾನೂ ನಕ್ಕೆ. ಆದ್ರ ರಾತ್ರಿ ನಿದ್ದಿ ಹತ್ತಲಿಲ್ಲ. ಮಾತು ತಿಳಿಯೂದಿಲ್ಲ ಅಂತ ಫೋನಿನ್ಯಾಗ ಅಂದಾಕಿ ನಾನು. ತಿಳಿಲಾರದ ಒಂದೂವರೆ ವರ್ಷ ಸುಮ್ನ ಬೈಸಿಕೊಂಡಾಕಿ ಆಕಿ.

ಮೂರನೇ ದಿನ ಲಕ್ಕುಂಡಿ. ಗದಗಿನಿಂದ ಕೊಪ್ಪಳ, ಹೊಸಪೇಟಿ ರಸ್ತೆದಾಗ 12 ಕಿಲೋಮೀಟರ್. ಬಸ್ಸಿನ್ಯಾಗ ಆಧಾರ್ ಕಾರ್ಡ್ ತೋರಿಸಿದ್ರ ಹೆಣ್ಮಕ್ಕಳಿಗೆ ಪುಕ್ಕಟ. ಹನ್ನೆರಡು ಕಿಲೋಮೀಟರ್, ಪುಕ್ಕಟ ಬಸ್ಸು, ಆದ್ರೂ ನಾ ಹೋಗಿದ್ದಿಲ್ಲ. ಮನಿಕೆಲಸಾ ಮುಗಿಸಿ ಹೊಂಡಬೇಕು ಅಂತ ಹಟಾ ಮಾಡಿ ಹತ್ತೂವರಿಗೆ ಮನಿ ಬಿಟ್ಟೆ, ಬಸ್ಸು ಸಿಗೋದರಾಗ ಹನ್ನೊಂದು ದಾಟಿತ್ತು. ಅದ ನಾ ಮಾಡಿದ ತಪ್ಪು. ಅಲ್ಲಿ ಗುಡಿ ಒಂದ ಕಡೆ ಇಲ್ಲ, ಊರತುಂಬ ಮನಿ ನಡುವ ನಡುವ ಅವ. ಚಪ್ಪಲ್ ಬಿಟ್ಟು ಕಾಲಿಟ್ರ ಕಲ್ಲು ಕಾದ ಹಂಚಿನಂಗ ಸುಡ್ತಿತ್ತು. ಡಿಸೆಂಬರದಾಗ ಹಿಂಗಾದ್ರ ಬ್ಯಾಸಗಿಯೊಳಗ ಏನು ಗತಿ!

ಹಿಂದಕ ಈ ಊರಿಗೆ ಲೊಕ್ಕಿಗುಂಡಿ ಅಂತಿದ್ರು. ನೂರಾ ಒಂದು ಗುಡಿ, ನೂರಾ ಒಂದು ಬಾವಿ ಇದ್ದವು ಅಂತ ಜನ ಹೇಳ್ತಾರ. ಕಾಶಿ ವಿಶ್ವನಾಥ ಗುಡಿ ದೊಡ್ಡದು. ಅದರ ಎದುರಿಗೆ ಅದರ ಕಡೇನ ಮುಖಾ ಮಾಡಿದ ಸಣ್ಣ ಸೂರ್ಯನ ಗುಡಿ, ಎರಡೂ ಒಂದ ಕಟ್ಟಿ ಮ್ಯಾಲ. ಅದರ ಬಾಗಲಾ ಚೌಕಟ್ಟಿನ ಕೆತ್ತನಿ ಹತ್ರ ಹೋಗಿ ನೋಡ್ರಿ, ದೂರಿಂದ ನೋಡಿದ್ರ ಏನೂ ತಿಳಿಯೂದಿಲ್ಲ.

ನನಗ ಮನಸ್ಸು ಹಿಡಿದದ್ದು ಬ್ರಹ್ಮ ಜಿನಾಲಯ. ಇದನ್ನ 1007ರೊಳಗ ಕಟ್ಟಿಸಿದಾಕಿ ಒಬ್ಬಾಕಿ ಹೆಣ್ಮಗಳು, ದಾನಚಿಂತಾಮಣಿ ಅತ್ತಿಮಬ್ಬೆ. ಅಕ್ಕ ತಂಗಿ ಇಬ್ಬರನ್ನೂ ನಾಗದೇವ ಅನ್ನಾವಗ ಕೊಟ್ಟಿದ್ರು. ಅವ ಯುದ್ಧದಾಗ ಸತ್ತ. ತಂಗಿ ಗುಂಡಮಬ್ಬೆ ಗಂಡನ ಚಿತಿ ಏರಿದ್ಲು. ಅತ್ತಿಮಬ್ಬೆ ಸಣ್ಣ ಮಗನ ಸಲುವಾಗಿ ಉಳಕೊಂಡ್ಲು. ಉಳದಾಕಿ ಬರೇ ಮೂಲಿ ಹಿಡದು ಕೂಡಲಿಲ್ಲ. ಬಸದಿ ಕಟ್ಟಿಸಿದ್ಲು, ರನ್ನ ಕವಿಗೆ ಆಸರ ಆದ್ಲು, ಪೊನ್ನನ ಶಾಂತಿಪುರಾಣ ಹಾಳಾಗಬಾರದು ಅಂತ ತಾಳಿ ಗರಿ ಮ್ಯಾಲ ಒಂದು ಸಾವಿರ ಪ್ರತಿ ಬರಿಸಿ ಹಂಚಿದ್ಲು. ಛಾಪಖಾನಿ ಇಲ್ಲದ ಕಾಲದಾಗ ಸಾವಿರ ಪ್ರತಿ ಅಂದ್ರ ಎಷ್ಟು ಕೈ ದುಡದಿರಬೇಕು ವಿಚಾರ ಮಾಡ್ರಿ. ಇಂಥಾಕಿ ಕಟ್ಟಿಸಿದ ಗುಡಿ ನಮ್ಮನಿಯಿಂದ ಹನ್ನೆರಡು ಕಿಲೋಮೀಟರದಾಗ ಇಟಗೊಂಡು ನಾ 'ಏನದನವಾ ಇಲ್ಲಿ' ಅಂದಿದ್ದೆ.

ಸೊಸಿ ಬೋರ್ಡ್ ಓದಿ ನಕ್ಕಳು. "ಅತ್ತಿ ಮಬ್ಬೆ. ನೋಡಿ, ನಿಮ್ಮ ಕಡೆ ಅತ್ತೇನ ಅತ್ತಿ ಅಂತೀರಲ್ಲ, ಹೆಸರಲ್ಲೇ ಇದೆ."

ಕಡೀಕ ಮಾಣಿಕೇಶ್ವರ ಗುಡಿ ಬಾಜೂಕಿನ ಮುಸುಕಿನ ಬಾವಿಗೆ ಬಂದ್ವಿ. ಮೂರು ಕಡೆಯಿಂದ ಮೆಟ್ಟಿಲು ಇಳೀತಾವ, ಗ್ವಾಡಿಗುಂಟ ಸಣ್ಣ ಸಣ್ಣ ಗುಡಿ ಮಾಡ್ಯಾರ. ಬಿಸಲಾಗ ಅಡ್ಡ್ಯಾಡಿ ನನ್ನ ಮೊಣಕಾಲು ಸೋತಿದ್ದವು. ನಾಕು ಮೆಟ್ಟಿಲು ಇಳದು ನೆರಳಾಗ ಕೂತೆ. ಆಕಿ ಬಾಟ್ಲಿ ನೀರು ಕೊಟ್ಲು. ಬ್ಯಾಗಿನ್ಯಾಗಿನ ಚಪಾತಿ, ಶೇಂಗಾ ಹಿಂಡಿ ಬಿಚ್ಚಿದೆ. ಸುತ್ತ ಯಾರೂ ಇದ್ದಿಲ್ಲ. ಎಷ್ಟೋ ದಿನದಿಂದ ಗಂಟಲದಾಗ ಇದ್ದದ್ದು ಹೊರಗ ಬಂತು.

"ನೋಡು ತಂಗಿ, ಮದುವಿಗೆ ಮೊದಲು ನಾ ಫೋನಿನ್ಯಾಗ ನಿನ್ನ ಗಂಡಗ ಒಂದು ಮಾತು ಅಂದಿದ್ದೆ. ನಿನಗ ಗೊತ್ತಿಲ್ಲ ಅದು..."

"ಗೊತ್ತಿದೆ ಅತ್ತೆ" ಅಂದ್ಲು. "ಅವತ್ತು ಅವರು ನಿಮ್ಮ ಜೊತೆ ಮಾತಾಡ್ಸೋಣ ಅಂತ ಫೋನ್ ಸ್ಪೀಕರಲ್ಲಿ ಇಟ್ಟಿದ್ರು. ನಾನು ಪಕ್ಕದಲ್ಲೇ ಇದ್ದೆ."

ಎದಿ ಧಸಕ್ ಅಂತು. ಒಂದೂವರೆ ವರ್ಷ ಇದನ್ನ ಹೊಟ್ಟ್ಯಾಗ ಇಟಗೊಂಡು ಆಕಿ ನನ್ನ ಕಾಲಿಗೆ ಬಿದ್ದಿದ್ಲು, ಹಬ್ಬಕ್ಕ ಸೀರಿ ಕಳಿಸಿದ್ಲು, ನನ್ನ ಬಿಪಿ ಗುಳಿಗಿ ಮುಗದಾವೇನು ಅಂತ ಕೇಳಿದ್ಲು. ಮಗನೂ ಬಾಯಿ ಬಿಟ್ಟಿದ್ದಿಲ್ಲ.

"ತಪ್ಪಾತವಾ" ಅಂದೆ. ಬ್ಯಾರೆ ಮಾತು ಬರಲಿಲ್ಲ.

ಆಕಿ ಹೋಗ್ಲಿ ಬಿಡಿ ಅನ್ನಲಿಲ್ಲ. ಅಂದಿದ್ರ ನನಗ ನಂಬಿಕಿ ಬರತಿರಲಿಲ್ಲ. ಜರಾ ಹೊತ್ತು ನೀರು ನೋಡಕೋತ ಕೂತು ಅಂದ್ಲು, "ತುಂಬ ಬೇಜಾರಾಗಿತ್ತು ಅತ್ತೆ. ಈಗ್ಲೂ ಒಂದೊಂದ್ಸಲ ನೆನಪಾಗತ್ತೆ. ಆಮೇಲೆ ಹಟಕ್ಕೆ ಅಂತ ರೊಟ್ಟಿ ಬಡಿಯೋದು ಯೂಟ್ಯೂಬಲ್ಲಿ ನೋಡಿ ಮಾಡ್ದೆ. ಮೂರು ಕೆಜಿ ಜೋಳದ ಹಿಟ್ಟು ಹಾಳಾಯ್ತು, ಬರ್ಲಿಲ್ಲ."

"ವಿಡಿಯೋ ನೋಡಿ ರೊಟ್ಟಿ ಬರ್ತದೇನು ಹುಚ್ಚಿ?" ಅಂದೆ. ಅಂದ ಮ್ಯಾಲ ಹುಚ್ಚಿ ಅನ್ನೋದೂ ಆಕಿಗೆ ಬೈದಂಗ ಕೇಳಿಸಿರಬೇಕು ಅಂತ ಹೆದರಿದೆ. ಆಕಿ ನಗಾಕತ್ತಿದ್ಲು. ನನಗ ಕಣ್ಣಾಗ ನೀರು ಬಂದಿತ್ತು. ಈ ಸಲ ಖಾರದ ನೆವಾ ಇದ್ದಿಲ್ಲ.

ನಾಕನೇ ದಿನ ಎಲ್ಲಾರೂ ಕೂಡಿ ನಸಿಕಿನ್ಯಾಗ ಎದ್ದು ಮಾಗಡಿ ಕೆರಿಗೆ ಹೋದ್ವಿ. ಶಿರಹಟ್ಟಿ ತಾಲೂಕಿನ್ಯಾಗ ಅದ, ನಮ್ಮೂರಿಂದ 26 ಕಿಲೋಮೀಟರ್. ಛಳಿಗಾಲಕ್ಕ ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತು ಇಲ್ಲಿಗೆ ಬರ್ತಾವ. ತಲಿ ಮ್ಯಾಲ ಎರಡು ಕರಿ ಪಟ್ಟಿ ಇರ್ತಾವ, ಅದ ಗುರುತು. 2024ರೊಳಗ ಈ ಕೆರಿ ರಾಮ್ಸಾರ್ ಪಟ್ಟಿಗೆ ಸೇರೇದ. ಹೊಲದಾಗ ಮೇಯ್ದು ಹಿಂಡು ಹಿಂಡಾಗಿ ಕೆರಿಗೆ ಬಂದು ಇಳಿಯೋ ಮುಂದ ಆ ಸಪ್ಪಳಾ ಕೇಳಬೇಕು. ನಮ್ಮನಿಯವರು ಬಾಯಿ ತಕ್ಕೊಂಡು ನಿಂತಿದ್ರು. "ಅಲ್ಲಿಂದ ಇಲ್ಲಿಗೆ ಬಂದು ನಮ್ಮ ಶೇಂಗಾ ತಿಂದು ಹೊಂದಿಕೊಂಡಾವ ನೋಡು" ಅಂದ್ರು. ಯಾರಿಗೆ ಅಂದ್ರೋ ನನಗ ತಿಳೀತು.

ಐದನೇ ದಿನ ಬ್ಯಾಗು ತುಂಬೋ ಮೊದಲು ಒಲಿ ಮುಂದ ಕುಂದರಿಸಿ ಆಕಿಗೆ ರೊಟ್ಟಿ ಕಲಿಸಿದೆ. ಹಿಟ್ಟಿಗೆ ಕುದಿಯೋ ನೀರು ಹಾಕಿ ಚಂದಾಗಿ ನಾದಬೇಕು. ಅದನ್ನ ವಿಡಿಯೋದಾಗ ಆಕಿ ನೋಡಿದ್ಲು, ಆದ್ರ ಎಷ್ಟು ನಾದಬೇಕು ಅನ್ನೋದು ಕೈಗೆ ತಿಳಿಬೇಕು. ಮೊದಲನೇದ್ದು ಹರೀತು. ಎರಡನೇದ್ದೂ ಹರೀತು. ಐದನೇದ್ದು ಅರ್ಧ ಉಬ್ಬಿತು. ಆಶ್ರಮದ ಹುಡುಗನ್ನ ನೆನಿಸಿಕೊಂಡು ಇಬ್ರೂ ನಕ್ವಿ. ಈಗಲೂ ಆಕಿ ರೊಟ್ಟಿ ದುಂಡಗ ಬರೂದಿಲ್ಲ. ನಮ್ಮಿಬ್ಬರದೂ ಎಲ್ಲಾ ಸರಿಹೋತು ಅಂತನೂ ನಾ ಹೇಳೂದಿಲ್ಲ. ಆದ್ರ ವಾರಕ್ಕ ಎರಡು ಸಲ ಆಕಿನ ಫೋನ್ ಮಾಡ್ತಾಳ, ಗಂಡನ ಕೈಯಾಗಿನ ಫೋನ್ ಕಸಗೊಂಡು ಅಲ್ಲ, ತನ್ನ ಫೋನಿಂದ.

ಈ ಡಿಸೆಂಬರಕ್ಕ ಆಕಿ ತಾಯಿ ತಂದಿ ಬರ್ತಾರಂತ. ಮೊನ್ನೆ ಬೀಗತಿ ಫೋನ್ ಮಾಡಿ, "ನಿಮ್ಮೂರಲ್ಲಿ ನೋಡೋಕೆ ಏನೇನಿದೆ?" ಅಂತ ಕೇಳಿದ್ರು. ಈ ಸಲ ನಾ ಕಾಗದಾ ಪೆನ್ನು ತಗೊಂಡು ಬರದು ಇಟ್ಟೇನಿ. ನಿಮ್ಮ ಮನಿಗೂ ಯಾರರ ಬರೋವ್ರಿದ್ರ ಇದು ಉಪಯೋಗ ಆದೀತು.

ಬರೋದಾದ್ರ ನವೆಂಬರಿಂದ ಫೆಬ್ರುವರಿ ಒಳಗ ಬರ್ರಿ. ಹಕ್ಕಿನೂ ಇರ್ತಾವ, ಬಿಸಲೂ ತಡಕೋಬಹುದು. ಲಕ್ಕುಂಡಿಗೆ ಮುಂಜಾನಿ ಎಂಟರೊಳಗ ಮುಟ್ಟರಿ, ಕಾಲಿಗೆ ಸಾಕ್ಸ್ ಹಾಕ್ಕೊಳ್ರಿ, ನೀರು ಒಯ್ಯರಿ. ಮ್ಯೂಸಿಯಂ ಬಿಡಬ್ಯಾಡ್ರಿ. ಊರೊಳಗ ವೀರನಾರಾಯಣ, ತ್ರಿಕೂಟೇಶ್ವರ ಎರಡನ್ನೂ ಒಂದ ಸಂಜಿಗೆ ನೋಡಬಹುದು. ಭೀಷ್ಮ ಕೆರಿ ನಡುವ 116 ಅಡಿ ಬಸವಣ್ಣನ ಮೂರ್ತಿ ನಿಂತದ, ಸೂರ್ಯ ಮುಳುಗೋ ಮುಂದ ಹೋದ್ರ ತಂಪು ಗಾಳಿ. ಸಣ್ಣ ಮಕ್ಕಳಿದ್ರ ಹುಬ್ಬಳ್ಳಿ ರಸ್ತೆದಾಗ ಬಿಂಕದಕಟ್ಟಿ ಪ್ರಾಣಿ ಸಂಗ್ರಹಾಲಯ ಅದ, ಅರ್ಧ ದಿನ ಸಾಕು. ಮಳಿಗಾಲದಾಗ ಬಂದವರು ಕಪ್ಪತಗುಡ್ಡ ನೋಡ್ರಿ, ಹಸರಾಗಿ ಬ್ಯಾರೆನ ಕಾಣಸ್ತದ. ಸೀರಿ ಬೇಕಾದ್ರ ಬೆಟಗೇರಿ ನೇಕಾರರ ಓಣಿಗೆ ಹೋಗ್ರಿ, ಮಗ್ಗದ ಸಪ್ಪಳಾ ಕೇಳಕೋತ ತಗೋಬಹುದು. ಸಹಕಾರಿ ಸಂಘ ಅಂತ ನಮ್ಮ ದೇಶದಾಗ ಮೊದಲು ಶುರು ಆದ ಕಣಗಿನಹಾಳ ಇಲ್ಲೇ ಬಾಜೂಕ ಅದ, 1905ರದ್ದು. ಬ್ಯಾಂಕಿನ್ಯಾಗ ಕೆಲಸಾ ಮಾಡಿದ ನಮ್ಮ ಬೀಗರಿಗೆ ಅದನ್ನ ತೋರಿಸಬೇಕು ಅಂತ ಮಾಡೇನಿ.

ಮತ್ತ ಕೂಡ ಬಂದವರು ಏನರ ಹೇಳಾಕತ್ತಿದ್ರ ಜರಾ ಕಿವಿಗೊಟ್ಟು ಕೇಳ್ರಿ. ಮನಿಯಾಗ ಇದ್ದಾಗ ಒಲಿ, ಕುಕ್ಕರು, ಟಿವಿ ಸಪ್ಪಳದಾಗ ಅದು ಕೇಳಸೂದಿಲ್ಲ.

ಬೀಗರು ಬಂದ ದಿನ ರೊಟ್ಟಿ ತಾನ ಬಡೀತೇನಿ ಅಂತ ಸೊಸಿ ಈಗ ಹೇಳಿಟ್ಟಾಳ. ನಾ ಹಿಟ್ಟು ಜರಾ ಹೆಚ್ಚಿಗೆ ಬೀಸಿಸಿಕೊಂಡು ಬಂದೇನಿ. ಹರದ್ರ ಹರೀಲಿ.